ಕಚ್ಚಿಕೊಂಡ ಟರ್ಬೊ ಹೌಸಿಂಗ್ ತಿರುಗಿಸುವುದು: ನನ್ನ ಅನುಭವ

ಬದಲಿಗೆ ತಂದ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಯಂತ್ರ) ಎಷ್ಟೋ ಸಲ ಎಂಜಿನ್ ಮೇಲೆ ಇದ್ದ ಹಾಗೇ ಕೂರುವುದಿಲ್ಲ. ಎಂಜಿನ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಕೂರುವ ಫ್ಲ್ಯಾಂಜ್ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ಹೊಂದುತ್ತದೆ, ಆದರೆ ಗಾಳಿ ಹೊರಡುವ ಬಾಯಿ ಇನ್ನೆಲ್ಲೋ ನೋಡುತ್ತಿರುತ್ತದೆ, ಆಯಿಲ್ ರಿಟರ್ನ್ ಪಕ್ಕಕ್ಕೆ ವಾಲಿರುತ್ತದೆ. ಎಕ್ಸಾಸ್ಟ್ ಕಡೆಯ ಬೀಡುಕಬ್ಬಿಣದ ಟರ್ಬೈನ್ ಹೌಸಿಂಗ್, ನಡುವೆ ಬೇರಿಂಗ್ ಇರುವ ಕೋರ್, ಗಾಳಿ ಕಡೆಯ ಅಲ್ಯೂಮಿನಿಯಂ ಕಂಪ್ರೆಸರ್ ಹೌಸಿಂಗ್, ಈ ಮೂರನ್ನೂ ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಬೇಕು. ಹೊಸದಾದರೆ ಕೈಯಲ್ಲೇ ತಿರುಗುತ್ತದೆ. ಓಡಿದ ಟರ್ಬೊ, ಅದರಲ್ಲೂ ಮಂಗಳೂರು, ಕಾರವಾರದ ಉಪ್ಪುಗಾಳಿ ಕಂಡದ್ದು, ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

ಕೈ ಹಾಕುವ ಮೊದಲು ಎರಡು ವಿಷಯ ನೋಡಿಕೊಳ್ಳುತ್ತೇನೆ. ವೇರಿಯಬಲ್ ವೇನ್, ಅಂದರೆ ಟರ್ಬೈನ್ ಸುತ್ತ ಕೋನ ಬದಲಿಸುವ ಸಣ್ಣ ರೆಕ್ಕೆಗಳು ಇರುವ ಟರ್ಬೊ ಆದರೆ ಟರ್ಬೈನ್ ಕಡೆ ಮುಟ್ಟುವುದೇ ಇಲ್ಲ. ಒಳಗಿನ ವೇನ್‌ಗಳ ಜೋಡಣೆ ತಪ್ಪಿದರೆ ಗ್ಯಾರೇಜಿನಲ್ಲಿ ಮತ್ತೆ ಕೂರಿಸುವ ದಾರಿಯಿಲ್ಲ. ಎರಡನೆಯದು, ಕೆಲವು ಮಾದರಿಗಳಲ್ಲಿ ಕೋರ್ ಮತ್ತು ಹೌಸಿಂಗ್ ನಡುವೆ ಸಣ್ಣ ಲೊಕೇಟಿಂಗ್ ಪಿನ್ ಇರುತ್ತದೆ. ಅದಿದ್ದರೆ ಎಷ್ಟು ಹೊಡೆದರೂ ತಿರುಗದು, ಹೌಸಿಂಗ್ ಬಿಚ್ಚಿ ಪಿನ್ ತೆಗೆಯಲೇಬೇಕು. ಸಂದಿಗೆ ಟಾರ್ಚ್ ಬಿಟ್ಟು ಸುತ್ತ ನೋಡಿದರೆ ಸಾಮಾನ್ಯವಾಗಿ ಕಾಣುತ್ತದೆ.

ಆಮೇಲೆ ಮೂರೂ ಭಾಗಕ್ಕೆ ಅಡ್ಡಲಾಗಿ ಪೇಂಟ್ ಗೆರೆ. ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟನ್ನು ಟರ್ಬೈನ್‌ಗೆ ತಾಕದಂತೆ ಬಿಡುವ ಬಾಗಿಲು) ಇದ್ದರೆ ಅದರ ಲಿವರ್ ಪಿನ್ನಿನ ಇ-ಕ್ಲಿಪ್ ತೆಗೆದು ರಾಡ್ ಬಿಡಿಸಿಡಿ. ರಾಡ್ ತುದಿಯ ನಟ್ ಮಾತ್ರ ತಿರುಗಿಸಬೇಡಿ, ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ನಿಂತಿರುವುದು ಆ ಉದ್ದದ ಮೇಲೆ. ಆಯಿಲ್ ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಬಟ್ಟೆ ತುರುಕಿದರೆ ಅದರ ನೂಲೇ ಒಳಗೆ ಹೋಗುತ್ತದೆ.

ಈಗ ಹೌಸಿಂಗನ್ನು ಕೋರ್‌ಗೆ ಬಿಗಿದಿಡುವ ಕ್ಲಾಂಪ್. ಇಲ್ಲಿ ಬಹಳ ಜನ ಬೋಲ್ಟ್‌ಗಳನ್ನೆಲ್ಲ ತೆಗೆದು, ಸಂದಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟುತ್ತಾರೆ. ಹೌಸಿಂಗ್ ಒಂದು ಕಡೆ ಮಾತ್ರ ಎದ್ದು ಓರೆಯಾಗುತ್ತದೆ. ಒಳಗೆ ತಿರುಗುವ ರೆಕ್ಕೆಗಳ ವೀಲ್‌ಗೂ ಹೌಸಿಂಗ್‌ಗೂ ನಡುವಿನ ಸಂದಿ ಅರ್ಧ ಮಿಲಿಮೀಟರ್ ಆಸುಪಾಸು, ಹಾಗಾಗಿ ಪೆಟ್ಟು ನೇರ ರೆಕ್ಕೆಗೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಶಾಫ್ಟ್‌ನಲ್ಲಿ ಒಂದು ರೆಕ್ಕೆ ತುದಿ ಬಾಗಿದರೆ ಆ ಕೋರ್ ಕತೆ ಮುಗಿಯಿತು. ತಿರುಗಿಸುವುದಷ್ಟೇ ಕೆಲಸವಾದ್ದರಿಂದ ಬೋಲ್ಟ್‌ಗಳನ್ನು ಎರಡು ಮೂರು ಸುತ್ತು ಸಡಿಲಿಸಿ ಅಲ್ಲೇ ಬಿಡುತ್ತೇನೆ. ವಿ-ಬ್ಯಾಂಡ್ (ಎರಡು ಅಂಚುಗಳನ್ನು ಸುತ್ತಿ ಹಿಡಿಯುವ ಪಟ್ಟಿ ಕ್ಲಾಂಪ್) ಆದರೆ ನಟ್ ಕೊನೆಯ ಹುರಿಯವರೆಗೆ ತಂದು, ಬ್ಯಾಂಡ್ ಸುತ್ತ ಮೆಲ್ಲಗೆ ತಟ್ಟಿದರೆ ಅದು ಫ್ಲ್ಯಾಂಜ್‌ನ ಇಳಿಜಾರಿನಿಂದ ಬಿಡುತ್ತದೆ. ಹೌಸಿಂಗ್ ದಿಢೀರನೆ ಬಿಟ್ಟರೂ ಆ ಬೋಲ್ಟೋ ಬ್ಯಾಂಡೋ ಹಿಡಿದುಕೊಳ್ಳುತ್ತದೆ. ಸರ್ಕ್ಲಿಪ್ (ಗಾಡಿಯಲ್ಲಿ ಕೂರುವ ಸ್ಪ್ರಿಂಗ್ ಬಳೆ) ಇರುವ ಕಂಪ್ರೆಸರ್‌ನಲ್ಲಿ ಈ ಅನುಕೂಲ ಇಲ್ಲ, ಕ್ಲಿಪ್ ಪೂರ್ತಿ ತೆಗೆಯಬೇಕು, ಅಲ್ಲಿ ಹೆಚ್ಚು ತಾಳ್ಮೆ ಬೇಕು.

ಟರ್ಬೈನ್ ಕಡೆಯ ಬೋಲ್ಟ್‌ಗಳೇ ಮೊದಲ ತಲೆನೋವು. ಲಾಕ್ ಪ್ಲೇಟಿನ ಕಿವಿ ಮಡಚಿದ್ದರೆ ನೇರ ಮಾಡಿ. ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿಡಿ. ಬೆಳಿಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ, ಆಮೇಲೆ ಸಡಿಲಿಸುವ ದಿಕ್ಕಿಗೆ, ಹೀಗೆ ಹಿಂದೆ ಮುಂದೆ. ಎಂ8 ಬೋಲ್ಟ್ ತುಂಡಾದರೆ 6.8 ಮಿ.ಮೀ. ಡ್ರಿಲ್, ಹುರಿ ಕೊರೆಯಲು 1.25 ಪಿಚ್‌ನ ಟ್ಯಾಪ್.

ಬೋಲ್ಟ್ ಸಡಿಲಾದರೂ ಹೌಸಿಂಗ್ ಬಿಡದಿರುವುದಕ್ಕೆ ಕಾರಣ ಕೋರ್ ಬಂದು ಕೂರುವ ಹೌಸಿಂಗ್‌ನ ಗುಂಡನೆಯ ಅಂಚಿನ ತುಕ್ಕು ಮತ್ತು ಸುಟ್ಟ ಹಕ್ಕಳೆ. ಇದಕ್ಕೆ ಕಾವು ಕೊಡುವುದೇ ಮದ್ದು. ಚೆಲ್ಲಿದ ಎಣ್ಣೆ ಒರೆಸಿ, ಬ್ರೇಕ್ ಕ್ಲೀನರ್ ದೂರ ಇಟ್ಟು, ಗ್ಯಾಸ್ ಟಾರ್ಚ್ ಜ್ವಾಲೆಯನ್ನು ಹೌಸಿಂಗ್‌ನ ಹೊರ ಅಂಚಿಗೆ ಮಾತ್ರ, ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸಿ. 90 ಮಿ.ಮೀ. ಅಗಲದ ಬೀಡಿನ ತೂತು 150 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ, ತುಕ್ಕಿನ ಹಿಡಿತ ಬಿಡಲು ಅಷ್ಟು ಸಾಕು. ಕೋರ್‌ಗೆ ಬೆಂಕಿ ತಾಕಿದರೆ ಅದೂ ಜೊತೆಗೇ ಹಿಗ್ಗುತ್ತದೆ, ಒಳಗಿನ ಆಯಿಲ್ ಕರಿಕಟ್ಟುತ್ತದೆ. ಎರಡು ಕಡೆಯಿಂದಲೂ ನಷ್ಟ.

ಬಿಸಿ ಇರುವಾಗಲೇ ತಿರುಗಿಸಬೇಕು. ಕೋರ್‌ನ ಆಯಿಲ್ ರಿಟರ್ನ್ ಫ್ಲ್ಯಾಂಜನ್ನು ಒಂದು ದಪ್ಪ ಪ್ಲೇಟಿಗೆ ಬೋಲ್ಟ್ ಮಾಡಿ ಆ ಪ್ಲೇಟನ್ನು ವೈಸ್‌ನಲ್ಲಿ ಹಿಡಿಯುತ್ತೇನೆ. ಟರ್ಬೈನ್ ಫ್ಲ್ಯಾಂಜ್‌ಗೆ ಎರಡು ಬೋಲ್ಟ್ ಹಾಕಿ ಎರಡು ಅಡಿ ಉದ್ದದ ಪಟ್ಟಿ ಕಟ್ಟಿದರೆ ಒಳ್ಳೆಯ ಲಿವರ್ ಆಗುತ್ತದೆ. ಒಂದೇ ಏಟಿಗೆ ಎಳೆಯಬೇಡಿ. ಲಿವರ್ ಮೇಲೆ ಒತ್ತಡ ಇಟ್ಟುಕೊಂಡು ಫ್ಲ್ಯಾಂಜ್‌ನ ದಪ್ಪ ಜಾಗಕ್ಕೆ ತಾಮ್ರದ ಸುತ್ತಿಗೆಯಲ್ಲಿ ತಟ್ಟಿ. ಮೊದಲು ಒಂದು ಸಣ್ಣ ‘ಟಿಕ್’ ಕೇಳಿಸುತ್ತದೆ, ಸಂದಿಯಿಂದ ಕೆಂಪು ಪುಡಿ ಉದುರುತ್ತದೆ. ಅಲ್ಲಿಂದ ಐದು ಡಿಗ್ರಿ ಆಚೆ, ಐದು ಡಿಗ್ರಿ ಈಚೆ. ನಡುನಡುವೆ ಕಂಪ್ರೆಸರ್ ವೀಲನ್ನು ಬೆರಳಲ್ಲಿ ತಿರುಗಿಸಿ ನೋಡಿ. ಉಜ್ಜಿದರೆ ಹೌಸಿಂಗ್ ಓರೆಯಾಗಿದೆ ಎಂದರ್ಥ. ಎದ್ದ ಕಡೆ ತಟ್ಟಿ ಕೂರಿಸಿಯೇ ಮುಂದಿನ ಹೆಜ್ಜೆ.

ಕಂಪ್ರೆಸರ್ ಕಡೆಗೆ ಬೆಂಕಿ ಬೇಡವೇ ಬೇಡ. ಅಲ್ಲಿ ಹಿಡಿಯುವುದು ಅಲ್ಯೂಮಿನಿಯಂನ ಬಿಳಿ ಪುಡಿ ಮತ್ತು ಗಟ್ಟಿಯಾದ ಓ-ರಿಂಗ್. ಎರಡೂ ಬಾಯಿ ಮುಚ್ಚಿ, ಹೌಸಿಂಗ್‌ಗೆ ಬಟ್ಟೆ ಸುತ್ತಿ ಕುದಿಯುವ ನೀರು ಸುರಿಯಿರಿ. ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುವ ಲೋಹ, 60 ಡಿಗ್ರಿ ಏರಿದರೂ 150 ಮಿ.ಮೀ. ಅಗಲಕ್ಕೆ 0.2 ಮಿ.ಮೀ. ಸಿಗುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ಎದುರುಬದುರಾಗಿ ತಟ್ಟಿದರೆ ಸಾಮಾನ್ಯವಾಗಿ ಬಿಡುತ್ತದೆ.

ಬಿಟ್ಟ ಮೇಲೆ ಕೋನ ಹೊಂದಿಸುವ ಕ್ರಮ: ಮೊದಲು ಟರ್ಬೈನ್ ಫ್ಲ್ಯಾಂಜ್ ಮ್ಯಾನಿಫೋಲ್ಡ್‌ಗೆ, ನಂತರ ಕೋರ್‌ನ ರಿಟರ್ನ್ ಕೆಳಮುಖವಾಗಿ, ಕೊನೆಗೆ ಕಂಪ್ರೆಸರ್ ಬಾಯಿ ಪೈಪಿಗೆ. ರಿಟರ್ನ್ ಆಯಿಲ್ ಬರೀ ತೂಕದಿಂದ ಇಳಿಯುತ್ತದೆ, ಅಲ್ಲಿ ಒತ್ತಡ ಇರುವುದಿಲ್ಲ. ನೇರ ಕೆಳಗಿನಿಂದ 35 ಡಿಗ್ರಿ ಮೀರಿ ವಾಲಿದರೆ ಕೋರ್‌ನಲ್ಲಿ ನಿಂತು ಸೀಲ್ ದಾಟಿ ನೀಲಿ ಹೊಗೆ ಕೊಡುತ್ತದೆ. ನಾನು 15ರ ಒಳಗೇ ಇಡುತ್ತೇನೆ. ಕಂಪ್ರೆಸರ್ ಹೌಸಿಂಗ್ ಜೊತೆ ವೇಸ್ಟ್‌ಗೇಟ್ ಬ್ರಾಕೆಟ್ ಕೂಡ ತಿರುಗಿರುತ್ತದೆ. ರಾಡ್ ಪಿನ್ನಿಗೆ ನೇರ ಬರದಿದ್ದರೆ ಬಾಗಿಸಬೇಡಿ, ಬೇರೆ ಬ್ರಾಕೆಟ್ ಮಾಡಿಸಿ.

ಬಿಗಿಯುವ ಮೊದಲು ಕಂಪ್ರೆಸರ್‌ಗೆ ಹೊಸ ಓ-ರಿಂಗ್, ಟರ್ಬೈನ್ ಬೋಲ್ಟ್‌ಗೆ ಆಂಟಿ-ಸೀಜ್ (ಮತ್ತೆ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್). ಸರ್ಕ್ಲಿಪ್‌ನ ಓರೆ ಅಂಚು ಹೊರಕ್ಕೆ ಬರಬೇಕು. ರಿಟರ್ನ್ ಗ್ಯಾಸ್ಕೆಟ್‌ಗೆ ಸಿಲಿಕಾನ್ ಹಚ್ಚಬೇಡಿ, ಒಳಗೆ ಹಿಂಡಿದ ಚೂರು ದಾರಿ ಕಟ್ಟುತ್ತದೆ. ವಿ-ಬ್ಯಾಂಡ್ ಬಿಗಿದು, ಸುತ್ತ ತಟ್ಟಿ, ಮತ್ತೆ ಆ ಮಾದರಿಯ ಕೈಪಿಡಿಯ ಟಾರ್ಕ್‌ಗೆ ಬಿಗಿಯಿರಿ. ಇನ್‌ಲೆಟ್ ತೂತಿಗೆ ಹೊಸ ಎಂಜಿನ್ ಆಯಿಲ್ ತುಂಬಿಸಿ ವೀಲ್ ಕೈಯಲ್ಲಿ ತಿರುಗಿಸಿ, ಡೀಸೆಲ್ ಕಟ್ ಮಾಡಿ ಆಯಿಲ್ ಪ್ರೆಶರ್ ಬರುವವರೆಗೆ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಐಡಲ್, ರೇಸ್ ಬೇಡ. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ಪೂರ್ತಿ ಆರಿದ ಮೇಲೆ ಕ್ಲಾಂಪ್ ನಟ್‌ಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಇಟ್ಟು ನೋಡಿ, ಸ್ವಲ್ಪ ಸಡಿಲಾಗಿರುವುದು ಉಂಟು.