ಅ ಆ ಇ ಈ ಆಮೇಲೆ, ಮೊದಲು ಡಬ್ಬಿ ತೆಗೆಯಲಿ

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಜೂನ್‌ನಲ್ಲಿ ಮಗ ಎಲ್‌ಕೆಜಿಗೆ ಹೋಗುವವನಿದ್ದರೆ ತಯಾರಿಗೆ ಈ ಮಧ್ಯಾಹ್ನಗಳೇ ಸಾಕು. ಪಾಟಿ ಹಿಡಿಸಿ ಅಕ್ಷರ ತಿದ್ದಿಸುವ ಅವಸರ ಬೇಡ. ಅದನ್ನು ಟೀಚರ್ ಕಲಿಸುತ್ತಾರೆ. ಎಲ್ಲ ಮಕ್ಕಳ ಚಡ್ಡಿ ಗುಂಡಿ ಬಿಚ್ಚುತ್ತಾ ಕೂರಲು ಮಾತ್ರ ಅವರಿಗೆ ಆಗುವುದಿಲ್ಲ.

ಮೊದಲು ವಯಸ್ಸು ನೋಡಿ. ಎಲ್‌ಕೆಜಿಗೆ ಜೂನ್ 1ಕ್ಕೆ 4 ವರ್ಷ ತುಂಬಿರಬೇಕು. ತುಂಬಿಲ್ಲದಿದ್ದರೆ ಅಂಗನವಾಡಿ ಇದೆ, ಅಲ್ಲಿ 3 ವರ್ಷದಿಂದಲೇ ಸೇರಿಸಿಕೊಳ್ಳುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡ್ ಒಂದೇ ಕಡೆ ಇಡಿ. ಹೆಸರಿನ ಸ್ಪೆಲಿಂಗ್ ಎಲ್ಲದರಲ್ಲೂ ಒಂದೇ ಇದೆಯಾ ನೋಡಿಕೊಳ್ಳಿ.

ಇನ್ನು ಒಂದಕ್ಕೆ, ಎರಡಕ್ಕೆ ಹೋಗುವುದು. ಗುಂಡಿ, ಜಿಪ್ ಬೇಡ, ಎಲಾಸ್ಟಿಕ್ ಚಡ್ಡಿ ಹಾಕಿ. ಮನೆಯಲ್ಲಿ ಕೂಗಿ ಹೇಳುವ ಹುಡುಗ ಶಾಲೆಯಲ್ಲಿ ಸುಮ್ನೆ ಕೂತು ಒದ್ದೆ ಮಾಡಿಕೊಳ್ಳುತ್ತಾನೆ. ಹೊಸಬರ ಹತ್ತಿರ ಹೇಗೆ ಕೇಳಬೇಕೋ ಅವನಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಆಯಿಯನ್ನು (ಅಜ್ಜಿಯನ್ನು) ಟೀಚರ್ ಮಾಡಿ ಆಟ ಆಡಿಸಿ. 'ಟೀಚರ್, ಒಂದಕ್ಕ ಹೋಗ್ಲೇನ್ರಿ?' ಎಂದು ದಿನಾ ನಾಲ್ಕು ಸಲ ಕೇಳಲಿ.

ಡಬ್ಬಿಯನ್ನು ಅಂಗಡಿಯಲ್ಲಿ ಅವನ ಕೈಯಿಂದಲೇ ತೆಗೆಸಿ ನೋಡಿ ಕೊಳ್ಳಿ. ಬಿಗಿ ಮುಚ್ಚಳ ತೆಗೆಯಲಾಗದೆ ಎಷ್ಟೋ ಮಕ್ಕಳು ಹಸಿದೇ ಮನೆಗೆ ಬರುತ್ತವೆ. ಜೋಳದ ರೊಟ್ಟಿ ಆರಿದರೆ ಪುಟ್ಟ ಕೈಗೆ ಮುರಿಯುವುದು ಕಷ್ಟ. ಮೆತ್ತನೆ ಚಪಾತಿಗೆ ತುಪ್ಪ, ಶೇಂಗಾ ಹಿಂಡಿ (ಚಟ್ನಿಪುಡಿ) ಸವರಿ ಸುರುಳಿ ಸುತ್ತಿ ಕೊಡಿ. ಮೇ ಪೂರ್ತಿ ಮಧ್ಯಾಹ್ನದ ಊಟ ಮನೆಯಲ್ಲೇ ಆ ಡಬ್ಬಿಯಿಂದ ಆಗಲಿ.

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವ ಮಕ್ಕಳಿಗೆ ನಿದ್ದೆ ಬರುವುದೇ ತಡ. ಮೇ ಮಧ್ಯದಿಂದ ಎರಡು ದಿನಕ್ಕೊಮ್ಮೆ ಹತ್ತು ನಿಮಿಷ ಬೇಗ ಮಲಗಿಸುತ್ತಾ ಬನ್ನಿ.

ನಾನು ತಪ್ಪಿದ್ದು ಬಿಟ್ಟು ಬರುವ ವಿಷಯದಲ್ಲಿ. ಮೊದಲ ದಿನ ಮಗ ಆಟಿಕೆ ನೋಡುತ್ತಿದ್ದಾಗ ಮೆಲ್ಲಗೆ ಜಾರಿಕೊಂಡು ಬಂದೆ. ಆಮೇಲೆ ವಾರವಿಡೀ ಅವನು ನಾನು ಬಚ್ಚಲಿಗೆ ಹೋದರೂ ಸೆರಗು ಬಿಡಲಿಲ್ಲ. ಹಾಗೆ ಮಾಡಬೇಡಿ. ಅವನು ಅತ್ತರೂ ಸರಿ, ಮುಖ ನೋಡಿ ಹೇಳಿಯೇ ಬನ್ನಿ. 'ಹನ್ನೆರಡೂವರೆಗೆ ಬರ್ತೀನಿ' ಅಂದರೆ ನಾಲ್ಕು ವರ್ಷದವನಿಗೆ ತಿಳಿಯುವುದಿಲ್ಲ. 'ನೀನು ಡಬ್ಬಿ ತಿಂದು, ಗಂಟೆ ಹೊಡೆದ ಮೇಲೆ ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ನಿಂತಿರ್ತೀನಿ' ಅನ್ನಿ. ಹೇಳಿದ ಮೇಲೆ ಐದು ನಿಮಿಷ ಮೊದಲೇ ಅಲ್ಲಿ ನಿಲ್ಲಿ. ಮುದ್ದು ಮಾಡಿ ಹೊರಟ ಮೇಲೆ ಮತ್ತೆ ಕಿಟಕಿಯಲ್ಲಿ ಇಣುಕಬೇಡಿ, ಅಳು ಜಾಸ್ತಿಯಾಗುತ್ತದೆ. 'ಹಟ ಮಾಡು, ಟೀಚರ್ ಹೊಡಿತಾರ' ಎಂದು ಮನೆಯಲ್ಲಿ ಯಾರೂ ಹೆದರಿಸದಿರಲಿ. ಹೆದರಿದ ಜಾಗಕ್ಕೆ ಯಾವ ಮಗು ನಗುತ್ತಾ ಹೋಗುತ್ತದೆ, ಅಲ್ವಾ?

ಮನೆಗೆ ಬಂದ ಕೂಡಲೇ 'ಏನು ಕಲಿಸಿದರು' ಎಂದು ಕೇಳಬೇಡಿ. ನೀರು ಕೊಡಿ. ಡಬ್ಬಿ ತೆಗೆದು ನೋಡಿ. ಅರ್ಧ ಉಳಿದಿದ್ದರೆ ನಾಳೆ ಅರ್ಧವೇ ಹಾಕಿ.