ಬಸ್ಸೋ, ರೈಲೋ, ಕಾರೋ, ವಿಮಾನವೋ: ಅಂಗಳದಿಂದ ಅಂಗಳಕ್ಕೆ ಲೆಕ್ಕ ಹಾಕಿ

ಹೋದ ವರ್ಷ ಠಾಣೆಯಿಂದ ಮಗ ಫೋನ್ ಮಾಡಿ, "ಆಯಿ, ಈ ಸಲ ವಿಮಾನಕ್ಕೆ ಬಂದುಬಿಡು. ಹುಬ್ಬಳ್ಳಿಯಲ್ಲಿ ಹತ್ತಿದರೆ ಒಂದೂಕಾಲು ತಾಸು, ಮುಂಬೈ ಬಂತು" ಎಂದ. ಅವನ ಪ್ರೀತಿ ದೊಡ್ಡದು. ಆದರೂ ಫೋನ್ ಇಟ್ಟ ಮೇಲೆ ಹಳೇ ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಬರೆಯುತ್ತ ಕೂತೆ. ನಮ್ಮ ಹಳ್ಳಿಯಿಂದ ಶಿರಸಿ ಪೇಟೆಗೆ ಅರ್ಧ ತಾಸು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಎರಡೂವರೆ ತಾಸು. ವಿಮಾನ ಹಾರುವುದಕ್ಕೆ ಎರಡು ತಾಸು ಮುಂಚೆ ಅಲ್ಲಿರಬೇಕು. ಹಾರಾಟದ ಒಂದೂಕಾಲು ತಾಸು. ಇಳಿದು ಬ್ಯಾಗಿಗೆ ಕಾಯುವುದು ಅರ್ಧ ತಾಸು. ಅಲ್ಲಿಂದ ಠಾಣೆಗೆ, ಮುಂಬೈಯ ಆ ವಾಹನಗಳ ನಡುವೆ, ಇನ್ನೊಂದು ಒಂದೂವರೆ ತಾಸು. ಎಂಟು ತಾಸು ದಾಟಿತು. ಅದೂ ಹಗಲಿನ ಎಂಟು ತಾಸು, ಹತ್ತುವುದು, ಇಳಿಯುವುದು, ಸಾಲಿನಲ್ಲಿ ನಿಲ್ಲುವುದು.

ಪಕ್ಕದಲ್ಲೇ ರೈಲಿನ ಲೆಕ್ಕ ಬರೆದೆ. ಮಧ್ಯಾಹ್ನ ಊಟ ಮುಗಿಸಿ ದೇವಿಮನೆ ಘಟ್ಟ ಇಳಿದರೆ ಎರಡೂವರೆ ತಾಸಿಗೆ ಕುಮಟಾ. ಸಂಜೆ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವ ಠಾಣೆ. ನಿಲ್ದಾಣದಿಂದ ಮಗನ ಮನೆಗೆ ರಿಕ್ಷಾದಲ್ಲಿ ಹತ್ತು ನಿಮಿಷ. ತಾಸು ಲೆಕ್ಕ ಹಾಕಿದರೆ ವಿಮಾನದ ಎರಡರಷ್ಟು. ಆದರೆ ಅದರಲ್ಲಿ ಎಂಟು ತಾಸು ನಾನು ಕಾಲು ಚಾಚಿ ಮಲಗಿರುತ್ತೇನೆ, ಮಾರನೇ ದಿನ ಎದ್ದು ಮೊಮ್ಮಗಳಿಗೆ ದೋಸೆ ಹೊಯ್ದುಕೊಡುವ ಹಾಗಿರುತ್ತೇನೆ. ರೈಲಿಗೇ ಹೋದೆ.

ಹೊಸದಾಗಿ ಸಂಸಾರ ಹೂಡಿದ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಮೊಬೈಲು ತೋರಿಸುವ ತಾಸು ಗಾಡಿಯ ತಾಸು, ನಿಮ್ಮದಲ್ಲ. ಮನೆಯ ಅಂಗಳ ಬಿಟ್ಟಲ್ಲಿಂದ ಹೋಗಿ ಸೇರುವ ಮನೆಯ ಅಂಗಳದವರೆಗೆ ಲೆಕ್ಕ ಹಾಕಿ. ದುಡ್ಡಿನ ಲೆಕ್ಕವೂ ಹಾಗೇ ಇರಲಿ, ಹುಬ್ಬಳ್ಳಿಗೆ ಹೋಗುವ ಬಾಡಿಗೆ ಕಾರು, ಆ ಕಡೆಯ ಟ್ಯಾಕ್ಸಿ ಎಲ್ಲ ಸೇರಿಸಿ. ಜೊತೆಗೆ ಹೊರಟವರಲ್ಲಿ ಯಾರ ಮೈ ಎಲ್ಲರಿಗಿಂತ ಮೆತ್ತಗಿದೆ ನೋಡಿ. ಎಂಟು ತಿಂಗಳ ಕೂಸೋ, ಮಂಡಿ ನೋವಿನ ಮಾವನವರೋ, ಸಕ್ಕರೆ ಕಾಯಿಲೆಯ ಅತ್ತೆಯೋ, ಅವರಿಗೆ ಒಗ್ಗುವ ಗಾಡಿಯೇ ಆ ದಿನ ಎಲ್ಲರ ಗಾಡಿ.

ಕರಾವಳಿಯವರಿಗೆ ರೈಲಿನ ಪುಣ್ಯ ಬಂದದ್ದು 1998ರಲ್ಲಿ, ಕೊಂಕಣ ರೈಲ್ವೆ ಪೂರ್ತಿಯಾದಾಗ. ಅದಕ್ಕೂ ಮುಂಚೆ ಮುಂಬೈಗೆ ಹೋಗುವುದೆಂದರೆ ಬಸ್ಸಿನಲ್ಲಿ ಮೈ ಹಣ್ಣಾಗುತ್ತಿತ್ತು. ಹೊನ್ನಾವರದಲ್ಲಿ ಶರಾವತಿಯ ಮೇಲೆ 2 ಕಿಲೋಮೀಟರಿಗೂ ಉದ್ದದ ಆ ಸೇತುವೆಯ ಮೇಲೆ ರೈಲು ದಾಟುವಾಗ ಈಗಲೂ ನಾನು ಕೈ ಮುಗಿಯುತ್ತೇನೆ. ಬೆಂಗಳೂರಿಗೆ ಹೋಗುವ ಕಾರವಾರ, ಅಂಕೋಲಾ, ಕುಮಟಾದವರಿಗೆ ಪಂಚಗಂಗಾ ಇದೆ. ಸಂಜೆ ಕಾರವಾರದಿಂದ ಹೊರಟು ಉಡುಪಿ, ಸುಬ್ರಹ್ಮಣ್ಯ, ಸಕಲೇಶಪುರದ ಮೇಲೆ ಹೋಗಿ ಬೆಳಿಗ್ಗೆ ಬೆಂಗಳೂರಿಗೆ ಬಿಡುತ್ತದೆ. ಮೈ ಕುಲುಕದೆ ಘಟ್ಟ ಹತ್ತಿಸುವುದು ರೈಲೊಂದೇ.

ರೈಲಿನಲ್ಲಿ ವಯಸ್ಸಾದವರಿಗೆ ಕೆಳಗಿನ ಬರ್ತ್ ಸಿಗಬೇಕಲ್ಲ, ಅದಕ್ಕೊಂದು ಉಪಾಯ ಹೇಳುತ್ತೇನೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತಿನ ಕೋಟಾ ಇದೆ. ಆದರೆ ಒಂದು ಟಿಕೆಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದರೆ ಮಾತ್ರ ಅದು ಸಿಗುವುದು. ಮಗ, ಸೊಸೆ, ಮಕ್ಕಳು, ಅಜ್ಜ, ಅಜ್ಜಿ ಎಲ್ಲರನ್ನೂ ಒಂದೇ ಟಿಕೆಟಿಗೆ ಹಾಕಿದರೆ ಆ ಕೋಟಾ ಕೈತಪ್ಪುತ್ತದೆ. ಹಾಗಾಗಿ ಅಜ್ಜ ಅಜ್ಜಿಯರ ಟಿಕೆಟ್ ಬೇರೆಯಾಗಿಯೇ ತೆಗೆಸಿ. ಈಗ ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಮದುವೆಯ ತಿಥಿ ಗೊತ್ತಾದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಆ 60ನೇ ದಿನಕ್ಕೆ ಗುರುತು ಹಾಕಿಬಿಡಿ. ಆನ್‌ಲೈನಿನಲ್ಲಿ ತೆಗೆದ ಟಿಕೆಟ್ ಚಾರ್ಟ್, ಅಂದರೆ ಹೊರಡುವ ಮುಂಚಿನ ಸೀಟುಗಳ ಪಟ್ಟಿ, ಆದ ಮೇಲೂ ವೇಟಿಂಗಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದುಕೊಂಡು ಹತ್ತುವ ಹಾಗಿಲ್ಲ. ಆರ್‌ಎಸಿ, ಅಂದರೆ ಪೂರ್ತಿ ಬರ್ತ್ ಸಿಗದೆ ಕೂರುವ ಜಾಗ ಮಾತ್ರ ಸಿಕ್ಕಿದ ಟಿಕೆಟ್ ಆದರೆ ಹತ್ತಬಹುದು, ಆದರೆ ಒಂದು ಸೈಡ್ ಲೋವರ್‌ನಲ್ಲಿ ಇಬ್ಬರು ಕೂತು ಬೆಳಗು ಮಾಡಬೇಕಾಗಬಹುದು. ನಲವತ್ತರ ಒಳಗಿನವರಿಗೆ ಅದು ನಡೆಯುತ್ತದೆ. ನನ್ನಂಥವರಿಗೆ ಬೇಡ.

ನಮ್ಮ ಕಡೆಯ ರೈಲು ನಿಲ್ದಾಣಗಳೆಲ್ಲ ಪೇಟೆಯಿಂದ ಹೊರಗಿವೆ. ಕಾರವಾರದ್ದು ಶಿರವಾಡದಲ್ಲಿದೆ. ಗೋಕರ್ಣ ರೋಡ್ ಎಂದು ಹೆಸರಿದ್ದ ಮಾತ್ರಕ್ಕೆ ಇಳಿದು ನಡೆದು ಹೋಗಿ ಸಮುದ್ರ ನೋಡಲಿಕ್ಕಾಗುವುದಿಲ್ಲ. ರಾತ್ರಿ ಹೊತ್ತು ಬರುವ ನೆಂಟರಿಗೆ ರಿಕ್ಷಾದವರನ್ನು ಮುಂಚೆಯೇ ಹೇಳಿಡಿ. ಇನ್ನು ಈ ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ. ನಿಮ್ಮ ಡಬ್ಬಿ ಪ್ಲಾಟ್‌ಫಾರ್ಮಿನ ಯಾವ ತುದಿಗೆ ಬರುತ್ತದೆ ಎಂದು ಕೇಳಿಕೊಂಡು ಅಲ್ಲೇ ಹೋಗಿ ನಿಲ್ಲಿ. ಮಂಡಿ ನೋವಿನವರನ್ನು ಹಿಂದಿನ ತುದಿಯಿಂದ ಮುಂದಿನ ತುದಿಗೆ ಓಡಿಸುವ ಪಾಪ ಕಟ್ಟಿಕೊಳ್ಳಬೇಡಿ. ಇದೇ ಕಾರಣಕ್ಕೆ ಶಿರಸಿ, ಸಿದ್ದಾಪುರ ಸೀಮೆಯವರಿಗೆ ನಾನು ಸಾಗರದ ಹತ್ತಿರದ ತಾಳಗುಪ್ಪದ ರೈಲನ್ನು ಮತ್ತೆ ಮತ್ತೆ ಹೇಳುವುದು. ಶಿರಸಿಗೆ ರೈಲಿಲ್ಲ. ಹಾವೇರಿಯಲ್ಲಿ ಬೇಕಾದಷ್ಟು ರೈಲುಗಳಿವೆ, ಆದರೆ ಎಷ್ಟೋ ಗಾಡಿ ಅಪರಾತ್ರಿಯಲ್ಲಿ ಬಂದು ಹೋಗುತ್ತವೆ. ತಾಳಗುಪ್ಪ ಹಾಗಲ್ಲ, ರೈಲು ಹುಟ್ಟುವುದೇ ಅಲ್ಲಿ. ಗಾಡಿ ಮೊದಲೇ ಬಂದು ನಿಂತಿರುತ್ತದೆ. ಸಾವಕಾಶವಾಗಿ ಹತ್ತಿ, ಸೀಟಿನ ಕೆಳಗೆ ಚೀಲ ಸೇರಿಸಿ, ಬುತ್ತಿ ಬಿಚ್ಚಿ ಉಂಡು ಮಲಗಿದರೆ ಬೆಳಿಗ್ಗೆ ಬೆಂಗಳೂರು. ಸ್ಲೀಪರ್ ಡಬ್ಬಿಯಲ್ಲಿ ಹೊದಿಕೆ ಕೊಡುವುದಿಲ್ಲ, ಒಂದು ಕಂಬಳಿ ಇರಲಿ. ಎಸಿಯಲ್ಲಿ ಕೊಡುತ್ತಾರೆ, ಆದರೂ ಕಿವಿಗೊಂದು ಬಟ್ಟೆ, ಕಾಲಿಗೆ ಸಾಕ್ಸ್ ಇಟ್ಟುಕೊಳ್ಳಿ.

ಬಸ್ಸನ್ನು ನಾನು ತೆಗೆದು ಹಾಕುವವಳಲ್ಲ. ಮನೆಯ ಹತ್ತಿರದ ತಿರುವಿನಲ್ಲಿ ಹತ್ತಿಸಿಕೊಂಡು, ಮಗಳ ಮನೆಯ ಹತ್ತಿರದ ಸ್ಟಾಪಿನಲ್ಲಿ ಇಳಿಸುವುದು ಬಸ್ಸು ಮಾತ್ರ. ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್, ರಾತ್ರಿ ಹತ್ತಿದರೆ ಬೆಳಿಗ್ಗೆ ತಲುಪಿತು. ನಾಳೆಯೇ ಹೊರಡಬೇಕು ಎಂದರೂ ಒಂದು ಸೀಟು ಎಲ್ಲಾದರೂ ಸಿಗುತ್ತದೆ. ಸೀಟು ಹಿಡಿಯುವಾಗ ಎರಡು ಗಾಲಿಗಳ ನಡುವಿನದನ್ನೇ ಹಿಡಿಯಿರಿ. ಹಿಂದಿನ ಸೀಟಿನಲ್ಲಿ ಕೂತು ಹಂಪು ಹಾರಿದರೆ ಬೆನ್ನುಮೂಳೆಗೆ ಪೆಟ್ಟು. ಸ್ಲೀಪರ್ ಆದರೆ ಕೆಳಗಿನದು. ಮಲಗುವ ಮುಂಚೆ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ಒಮ್ಮೆ ಕಣ್ಣಾಡಿಸಿ, ಮಕ್ಕಳಿಗೂ ತೋರಿಸಿ.

ಹೆಂಗಸರು ಬಾಯಿ ಬಿಟ್ಟು ಹೇಳದ ಒಂದು ವಿಷಯವನ್ನು ನಾನು ಹೇಳಲೇಬೇಕು. ಒಮ್ಮೆ ನಮ್ಮ ಅತ್ತೆಯವರನ್ನು ಕಣ್ಣಿನ ಆಪರೇಷನ್ನಿಗೆಂದು ಒಂದು ಖಾಸಗಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ನಡುರಾತ್ರಿ ಅವರಿಗೆ ಅವಸರವಾಯಿತು. ಎರಡು ಸಲ ಹೋಗಿ ಕೇಳಿದರೂ "ಮುಂದೆ ಡಾಬಾ ಬರ್ತದೆ" ಎಂದರೇ ಹೊರತು ನಿಲ್ಲಿಸಲಿಲ್ಲ. ಮುಕ್ಕಾಲು ತಾಸು ಆ ಹಿರಿಯ ಜೀವ ನನ್ನ ಕೈ ಹಿಡಿದುಕೊಂಡು ತುಟಿ ಕಚ್ಚಿ ಕೂತಿತ್ತು. ಆ ಕೈಯ ಬಿಗಿ ನನಗಿನ್ನೂ ಮರೆತಿಲ್ಲ. ಅವತ್ತಿನಿಂದ ಹತ್ತುವಾಗಲೇ ಕಂಡಕ್ಟರ್ ಹತ್ತಿರ ಹೋಗಿ, "ತಮ್ಮಾ, ಎಲ್ಲೆಲ್ಲಿ ನಿಲ್ಲಿಸ್ತೀರಿ? ನಮ್ಮ ಜೊತೆ ವಯಸ್ಸಾದವರಿದ್ದಾರೆ, ನಡುವೆ ಬೇಕಾದರೆ ನಿಲ್ಲಿಸಬೇಕು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡುತ್ತೇನೆ. ನಾಚಿಕೆಪಟ್ಟು ನೀರು ಕುಡಿಯದೆ ಕೂರಬೇಡಿ ತಂಗೀ, ಉರಿಮೂತ್ರ ಹಿಡಿದರೆ ವಾರಗಟ್ಟಲೆ ಕಷ್ಟ. ಸಕ್ಕರೆ ಕಾಯಿಲೆ ಇದ್ದವರಿಗೆ, ಬಸುರಿಯರಿಗೆ ಶೌಚಾಲಯವಿರುವ ರೈಲೇ ಸರಿ. ಅದು ಸಿಗದಿದ್ದರೆ ಹೇಳಿದಲ್ಲಿ ನಿಲ್ಲುವ ಸ್ವಂತ ಕಾರು.

2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿದೆ. ತವರಿಗೆ ಹೋಗಿಬರಲು ಗಂಡನ ಮುಖ ನೋಡಬೇಕಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಅದರಿಂದ ಕಾಲು ಬಂದಿದೆ, ಅದನ್ನು ಸಂತೋಷದಿಂದ ಹೇಳುತ್ತೇನೆ. ಆಧಾರ್ ಕಾರ್ಡ್ ಕೈಯಲ್ಲಿರಲಿ. ಆದರೆ ಅದು ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸಕ್ಕೆ, ಸ್ಲೀಪರಿಗೆ ಇಲ್ಲ. ಪುಕ್ಕಟೆ ಎಂದು ಅರವತ್ತೈದರ ಬೆನ್ನನ್ನು ನೆಟ್ಟಗಿನ ಸೀಟಿನಲ್ಲಿ ಇಡೀ ರಾತ್ರಿ ಕೂರಿಸಬೇಡಿ. ಬೇಕಿದ್ದರೆ ಹಗಲು ಹೊರಟು, ನಡುವೆ ದಾವಣಗೆರೆಯಲ್ಲೋ ಎಲ್ಲೋ ನೆಂಟರ ಮನೆಯಲ್ಲಿ ಒಂದು ರಾತ್ರಿ ತಂಗಿ ಹೋಗಿ.

ಕಾರು ಲಾಭವಾಗುವುದು ನಾಲ್ಕೈದು ಜನ ಇದ್ದಾಗ, ಸಾಮಾನು ಹೆಚ್ಚಿದ್ದಾಗ, ಕೂಸು ಇದ್ದಾಗ. ಒಬ್ಬರೋ ಇಬ್ಬರೋ ಹೋಗಲಿಕ್ಕೆ ಕಾರು ತೆಗೆಯುವುದು ಪೆಟ್ರೋಲಿಗೂ ದಂಡ, ಮೈಗೂ ದಂಡ. ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಒಬ್ಬನೇ ಡ್ರೈವರ್ ಆದರೆ ರಾತ್ರಿ ಓಡಿಸುವ ಹಾಗಿಲ್ಲ. ಆಫೀಸು ಮುಗಿಸಿಕೊಂಡು ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಬೆಳಗಾಗುವಾಗ ಊರು ಸೇರುವ ಹುಡುಗರಿಗೆ ಕೈ ಮುಗಿದು ಹೇಳುತ್ತೇನೆ, ನಸುಕಿನ ಎರಡರಿಂದ ನಾಲ್ಕರ ಆ ನಿದ್ದೆಯನ್ನು ಗೆಲ್ಲುತ್ತೇನೆ ಎಂದುಕೊಳ್ಳಬೇಡಿ. ಶನಿವಾರ ಬೆಳಿಗ್ಗೆ ಹೊರಡಿ. ಮಧ್ಯಾಹ್ನದ ಊಟ ನಿಮಗಾಗಿ ಕಾಯುತ್ತದೆ.

ಘಟ್ಟದಲ್ಲಿ ಮಕ್ಕಳಿಗೆ ವಾಂತಿಯಾಗುವುದು ಹೊಸದೇನಲ್ಲ. ದೇವಿಮನೆ ಇರಲಿ, ಅರಬೈಲ್ ಇರಲಿ, ಗೇರುಸೊಪ್ಪೆ ಇರಲಿ, ಹೊರಡುವ ಮುಂಚೆ ಹಾಲು ಕುಡಿಸಬೇಡಿ. ಖಾಲಿ ಹೊಟ್ಟೆಯೂ ಬೇಡ, ಒಂದು ಒಣ ಚಪಾತಿ ಸಾಕು. ಮೊಬೈಲು ಕಸಿದುಕೊಂಡು ಮುಂದಿನ ರಸ್ತೆ ನೋಡಿಸಿ. ಬಾಯಿಗೆ ಒಂದು ಚೂರು ಒಣಗಿಸಿದ ಉಪ್ಪುನೆಲ್ಲಿ ಹಾಕಿದರೆ ನಮ್ಮ ಮೊಮ್ಮಕ್ಕಳು ಘಟ್ಟದ ಬುಡದವರೆಗೂ ತಕರಾರು ಮಾಡುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಈ ಎಲ್ಲ ಲೆಕ್ಕ ಬದಲು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆಯೇ ಬಂತು. ರಸ್ತೆ ಬದಿಯಲ್ಲಿ ಚಹಾ ಕುಡಿಯಲು ನಿಂತವರ ಜೀವ ಹೋಯಿತು, ಲಾರಿ ಗಂಗಾವಳಿ ನದಿಯ ಪಾಲಾಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ರೈಲಿಗೂ ಮಳೆ ಬಿಟ್ಟಿಲ್ಲ. ಅದೇ ಜುಲೈಯಲ್ಲಿ ಗೋವಾದ ಪೆರ್ನೆಮ್ ಸುರಂಗದಲ್ಲಿ ನೀರು ಉಕ್ಕಿ ಗಾಡಿಗಳು ನಿಂತವು. ಆದರೂ ಜೂನ್ ನಡುವಿನಿಂದ ಅಕ್ಟೋಬರ್ ತನಕ ಕೊಂಕಣ ರೈಲ್ವೆಯವರು ಬೇರೆಯೇ ವೇಳಾಪಟ್ಟಿ ಹಾಕಿ, ವೇಗ ಇಳಿಸಿ, ಹಳಿಯ ಮೇಲೆ ಕಾವಲು ಹಾಕಿ ಗಾಡಿ ಓಡಿಸುತ್ತಾರೆ. ಅದಕ್ಕೇ ಮಳೆಗಾಲದಲ್ಲಿ ನನ್ನ ಓಟು ರೈಲಿಗೆ. ಆ ತಿಂಗಳುಗಳಲ್ಲಿ ಹಳೇ ನೆನಪಿನ ಸಮಯ ನಂಬಿ ಹೋಗಬೇಡಿ, ಗಾಡಿ ಬರುವ ಹೊತ್ತು ತಾಸುಗಟ್ಟಲೆ ಹಿಂದೆ ಮುಂದೆ ಆಗಿರುತ್ತದೆ. ರೈಲ್ವೆಯ 139ಕ್ಕೆ ಫೋನ್ ಮಾಡಿ ಕೇಳಿ. ಘಟ್ಟ ಇಳಿಯುವವರು ಬೆಳಕಿದ್ದಾಗಲೇ ಇಳಿಯಿರಿ. ಒಂದು ಆಷಾಢದಲ್ಲಿ ದೇವಿಮನೆಯಲ್ಲಿ ಮರ ಬಿದ್ದು, ಅದನ್ನು ಕಡಿದು ಸರಿಸುವಷ್ಟರಲ್ಲಿ ಕುಮಟಾದಲ್ಲಿ ನಮ್ಮ ರೈಲು ಹೋಗಿಯಾಗಿತ್ತು. ಈಗ ಮಳೆಗಾಲವಾದರೆ ಎರಡು ತಾಸು ಹೆಚ್ಚೇ ಇಟ್ಟುಕೊಂಡು ಹೊರಡುತ್ತೇನೆ, ನಿಲ್ದಾಣದಲ್ಲಿ ಕೂತು ಬತ್ತಿ ಹೊಸೆಯುತ್ತೇನೆ.

ವಿಮಾನ ಬೇಡವೇ ಬೇಡ ಎಂದು ನಾನು ಹೇಳಿದೆ ಎಂದುಕೊಳ್ಳಬೇಡಿ. ದಿಲ್ಲಿ, ಕಲ್ಕತ್ತೆಯಂಥ ದೂರಕ್ಕೆ ಎರಡು ರಾತ್ರಿ ರೈಲಿನಲ್ಲಿ ಕಳೆಯುವುದು ವಯಸ್ಸಾದವರಿಗೆ ಕಷ್ಟ, ಅಲ್ಲಿ ವಿಮಾನವೇ ಸರಿ. ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದಾರೆ ಎಂದು ಸುದ್ದಿ ಬಂದರೆ ದುಡ್ಡು ನೋಡಬೇಡಿ, ಹೊರಟುಬಿಡಿ. ಕಾರವಾರದವರಿಗೆ ಗೋವಾದ ದಾಬೋಳಿ ಹತ್ತಿರ. 2023ರಿಂದ ಮೋಪಾದಲ್ಲೂ ವಿಮಾನ ಇಳಿಯುತ್ತದೆ, ಆದರೆ ಅದು ಗೋವಾದ ಆ ತುದಿ. ಟಿಕೆಟಿನ ಮೇಲೆ ಬರೀ ಗೋವಾ ಎಂದು ನೋಡಿ ಮೋಸಹೋಗದೆ ಯಾವ ನಿಲ್ದಾಣ ಎಂದು ಎರಡು ಸಲ ಓದಿ. ನಡೆಯಲಾಗದವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ಹೇಳಿಡಿ, ಬಾಗಿಲಿನಿಂದ ಸೀಟಿನವರೆಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಮೊಬೈಲಿನ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿ ಕೂಡದು. ಒಣಕೊಬ್ಬರಿ ಎರಡರಲ್ಲೂ ಕೂಡದು, ಅದರಲ್ಲಿ ಎಣ್ಣೆ ಹೆಚ್ಚು, ಬೆಂಕಿಯ ಭಯ ಎಂದು ತೆಗೆಸಿಬಿಡುತ್ತಾರೆ. ಖಾರದ ಉಪ್ಪಿನಕಾಯಿ ಕೈಚೀಲದಲ್ಲಿ ಬಿಡುವುದಿಲ್ಲ, ಅಪ್ಪೆಮಿಡಿಯ ಭರಣಿ ಇದ್ದರೆ ಮೊದಲೇ ದೊಡ್ಡ ಬ್ಯಾಗಿಗೆ ಸೇರಿಸಿ.

ಜೇನಿನ ಹಾಗೆ ಹರಿಯುವ ನಮ್ಮ ಜೋನಿ ಬೆಲ್ಲ ಒಯ್ಯುವುದಿದ್ದರೆ ನಾನು ಮಾಡುವ ಕ್ರಮ ಹೀಗೆ. ಸ್ಟೀಲ್ ಡಬ್ಬಿಯ ಕಂಠದವರೆಗೆ ತುಂಬದೆ ಎರಡು ಬೆರಳು ಜಾಗ ಬಿಡಬೇಕು. ಬಾಯಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಎರಡು ಪದರ ಮಾಡಿ ಹಾಸಿ ಮುಚ್ಚಳ ಒತ್ತಬೇಕು. ಮುಚ್ಚಳದ ಅಂಚಿಗೆ ಗಟ್ಟಿಯಾಗಿ ಕಲಸಿದ ಮೈದಾ ಹಿಟ್ಟನ್ನು ಬತ್ತಿಯ ಹಾಗೆ ಹೊಸೆದು ಸುತ್ತಲೂ ಮೆತ್ತಿ ಒಂದು ರಾತ್ರಿ ಒಣಗಲು ಬಿಡಬೇಕು. ಮೇಲೆ ಹಳೇ ಪಂಚೆಯ ತುಂಡು ಬಿಗಿದು ಕಟ್ಟಬೇಕು. ರೈಲಿನಲ್ಲಾದರೆ ಆ ಡಬ್ಬಿಯನ್ನು ಒಂದು ಸಣ್ಣ ಬಕೆಟ್ಟಿನೊಳಗೆ ನೆಟ್ಟಗೆ ಇಟ್ಟು, ಸುತ್ತ ಬಟ್ಟೆ ತುರುಕಿ, ಬರ್ತಿನ ಕೆಳಗೆ ಗೋಡೆಗೆ ತಾಗಿಸಿ ಇಡುತ್ತೇನೆ. ಹೋದ ವರ್ಷ ಠಾಣೆಯಲ್ಲಿ ಸೊಸೆ ಆ ಹಿಟ್ಟಿನ ಅಂಚನ್ನು ಚಾಕುವಿನಿಂದ ಬಿಡಿಸಿದಾಗ ಒಂದು ಹನಿಯೂ ಹೊರಬಂದಿರಲಿಲ್ಲ. ಅಂದೇ ಬೆಳಿಗ್ಗೆ ಆ ಬೆಲ್ಲದ ಜೊತೆ ದೋಸೆ ತಿಂದರು.