ಹಳ್ಳ ಉಳಿಸಬೇಕಾ? ಮೊದಲು ದಿಣ್ಣೆ ಹತ್ತಿ

ಹಳ್ಳದ ಮೇಲ್ಭಾಗದ ಜಮೀನಿನಲ್ಲಿ ಒಂದು ದಿನ ಬಣ್ಣ ಬಳಿದ ಗೂಟಗಳು ಕಾಣಿಸುತ್ತವೆ. ಲೇಔಟ್ ಬರುತ್ತಂತೆ, ರೆಸಾರ್ಟ್ ಅಂತೆ, ರಸ್ತೆ ಅಂತೆ ಎಂದು ಸುದ್ದಿ ಹಬ್ಬುತ್ತದೆ. ಆಗ ಎಲ್ಲರ ಕಣ್ಣೂ ಹಳ್ಳದ ದಡದ ಮೇಲೆ. ಆದರೆ ಹಳ್ಳದ ಹಣೆಬರಹ ಬರೆಯುವುದು ಮೇಲಿನ ನೆಲ. ಅಲ್ಲಿ ಬಿದ್ದ ಮಳೆ ಇಂಗಿತೋ, ಓಡಿತೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕೆಲಸವನ್ನೂ ಅಲ್ಲಿಂದಲೇ ಶುರು ಮಾಡೋಣ.

ನೀರಿನ ಗಡಿ ಗುರುತಿಸಿ

ಯಾವ್ಯಾವ ನೆಲದ ಮಳೆನೀರು ಬಂದು ಹಳ್ಳ ಸೇರುತ್ತದೋ ಅದೆಲ್ಲ ಆ ಹಳ್ಳದ ಜಲಾನಯನ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುವ ನಕ್ಷೆಯೊಂದನ್ನು ಹುಡುಕಿಕೊಳ್ಳಿ. ಗೆರೆ 'ವಿ' ಅಕ್ಷರದಂತೆ ಬಾಗಿ ಮೂತಿಯನ್ನು ಏರಿನ ಕಡೆ ಚಾಚಿದ್ದರೆ ಅದು ನೀರಿನ ದಾರಿ. ಮೂತಿ ಇಳಿಜಾರಿನ ಕಡೆ ಇದ್ದರೆ ದಿಣ್ಣೆಯ ಏಣು. ಏಣುಗಳನ್ನು ಕೂಡಿಸುತ್ತಾ ಹಳ್ಳದ ಸುತ್ತ ಗಡಿ ಎಳೆಯಿರಿ. ಆಮೇಲೆ ಆ ಗಡಿಯ ಮೇಲೆ ನಡೆಯಿರಿ. ಸುಮ್ನೆ ನಕ್ಷೆ ನಂಬಿ ಕೂತರೆ ಆಗಲ್ಲ. ರಸ್ತೆ ಬದಿಯ ಚರಂಡಿಯೋ ಮೋರಿಯೋ ನೀರನ್ನು ದಿಣ್ಣೆ ದಾಟಿಸಿ ಬೇರೆಡೆಗೆ ಒಯ್ದಿರಬಹುದು.

ಒರತೆ, ಜೌಗು, ಮಳೆಗಾಲದಲ್ಲಷ್ಟೇ ಹರಿಯುವ ಕಿರುತೊರೆ, ಇವನ್ನೆಲ್ಲ ತಪ್ಪದೆ ಗುರುತು ಹಾಕಿ. 'ಒಣಗಿದೆ, ಏನೂ ಇಲ್ಲ' ಎಂದು ಮೊದಲು ಮಣ್ಣು ತುಂಬುವುದು ಇವುಗಳಿಗೇ.

ಹಳ್ಳ ಈಗ ಹೇಗಿದೆ ಎಂದು ಬರೆದಿಡಿ

ಇದನ್ನು ಯಾರೂ ಮೊದಲು ಮಾಡುವುದಿಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಕೆಲಸ ಶುರುವಾದ ಮೇಲೆ ಅಳೆದರೆ 'ಮೊದಲೂ ಹೀಗೇ ಇತ್ತಲ್ವಾ?' ಎನ್ನುತ್ತಾರೆ. ಆಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಮೊಣಕಾಲು ಮುಳುಗದಷ್ಟು ನೀರಿರುವ ಕಡೆ ಇಳಿದು ಒಂದು ಕಲ್ಲನ್ನು ಮೆಲ್ಲಗೆ ಎತ್ತಿ, ಮಗುಚಿ ನೋಡಿ. ಚಪ್ಪಟೆ ಮೈ, ಹಿಂದೆ ಕೂದಲಿನಂಥ ಮೂರು ಬಾಲ, ಹೊಟ್ಟೆಯ ಎರಡೂ ಬದಿ ಪುಟ್ಟ ಬೀಸಣಿಗೆಯಂತೆ ಅಲುಗುವ ಕಿವಿರು. ಅದು ಮೇಫ್ಲೈ ಎಂಬ ಹಾರುವ ಕೀಟದ ಮರಿ. ಎರಡೇ ಬಾಲ ಇದ್ದರೆ ಬಹುಪಾಲು ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿ. ಪಕ್ಕದಲ್ಲೇ ಮರಳಿನ ಕಣ ಅಂಟಿಸಿ ಕಟ್ಟಿದ ಸಣ್ಣ ಕೊಳವೆ ಕಾಣಬಹುದು. ಸ್ವಲ್ಪ ಕಾದರೆ ಅದರೊಳಗಿಂದ ಒಂದು ತಲೆ ಇಣುಕುತ್ತದೆ. ಅದು ಕ್ಯಾಡಿಸ್‌ಫ್ಲೈ ಹುಳು, ತನ್ನದೇ ರೇಷ್ಮೆ ಎಳೆಯಿಂದ ಮನೆ ಕಟ್ಟಿಕೊಂಡಿರುತ್ತದೆ. ಈ ಮೂರು ಗುಂಪಿನ ಹೆಚ್ಚಿನ ಹುಳುಗಳಿಗೆ ತಂಪಾದ, ಆಮ್ಲಜನಕ ಜಾಸ್ತಿ ಇರುವ ನೀರೇ ಬೇಕು. ಹೂಳು ಬಂದು ಕಲ್ಲಿನ ಸಂದು ಮುಚ್ಚಿತೋ, ಇವು ಕಾಣೆಯಾಗುತ್ತವೆ. ಎಣಿಸಿ, ಫೋಟೊ ತೆಗೆದು, ಕಲ್ಲನ್ನು ಇದ್ದ ಹಾಗೆಯೇ ಇಡಿ.

ನೀರು ಧುಮುಕುವ ಜಾಗ ಇದ್ದರೆ ಬಕೆಟ್ ಹಿಡಿಯಿರಿ. 10 ಲೀಟರ್ ತುಂಬಲು 5 ಸೆಕೆಂಡ್ ಬೇಕಾದರೆ ಹರಿವು ಸೆಕೆಂಡಿಗೆ 2 ಲೀಟರ್. ಬೇಸಿಗೆಯ ಅಳತೆಯನ್ನು ಮಾತ್ರ ತಪ್ಪಿಸಬೇಡಿ. ಮಳೆ ಇಲ್ಲದ ದಿನ ಹಳ್ಳದಲ್ಲಿ ಹರಿಯುವುದು ಹಿಂದೆಂದೋ ನೆಲಕ್ಕೆ ಇಂಗಿದ ನೀರು.

ಲೆಕ್ಕ ಹಾಕಿ

1 ಹೆಕ್ಟೇರ್ ಜಾಗದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1 ಲಕ್ಷ ಲೀಟರ್ ನೀರು. ಗಿಡಮರ ಇರುವ ನೆಲ ಅದರಲ್ಲಿ ಹೆಚ್ಚಿನದನ್ನು ಕುಡಿಯುತ್ತದೆ. ಕಾಂಕ್ರೀಟು, ಡಾಂಬರು, ತಾರಸಿ ಬಂದರೆ ಹೆಚ್ಚುಕಡಿಮೆ ಅಷ್ಟೂ ನೀರು ಒಂದೇ ಏಟಿಗೆ ಹಳ್ಳಕ್ಕೆ ನುಗ್ಗುತ್ತದೆ. ದಡ ಕೊರೆಯುತ್ತದೆ. ಬೇಸಿಗೆಗೆ ಏನೂ ಉಳಿಯುವುದಿಲ್ಲ.

ಅಮೆರಿಕದ ಜಲಾನಯನ ತಜ್ಞ ಟಾಮ್ ಶ್ಯೂಲರ್ 1994ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಜಲಾನಯನದ ಸುಮಾರು 10% ನೆಲ ಹೀಗೆ ಮುಚ್ಚಿಹೋದರೆ ಹಳ್ಳ ಕೆಡಲು ಶುರುವಾಗುತ್ತದೆ ಎಂದು ತೋರಿಸಿದರು. ಬೇಗ ನಲುಗುವ ಜೀವಿಗಳಿಗೆ ಅದಕ್ಕೂ ಮೊದಲೇ ಪೆಟ್ಟು ಬೀಳಬಹುದು. ಹಾಗಾಗಿ ಒಂದೊಂದೇ ಯೋಜನೆ ನೋಡಬೇಡಿ. 'ನಮ್ಮದು ಬರೀ 2%' ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಈಗಾಗಲೇ ಮುಚ್ಚಿದ್ದು, ಒಪ್ಪಿಗೆ ಸಿಕ್ಕಿದ್ದು, ಅರ್ಜಿಯಲ್ಲಿರುವುದು ಎಲ್ಲವನ್ನೂ ಕೂಡಿಸಿ.

ಒಪ್ಪಿಗೆಗೆ ಮುಂಚೆಯೇ ಮಾತಾಡಿ

ಆಕ್ಷೇಪಣೆಗೆ ಸಾಮಾನ್ಯವಾಗಿ ಒಂದು ಗಡುವು ಇರುತ್ತದೆ. ಅದು ಮುಗಿದ ಮೇಲೆ ಕಣ್ಣೀರಿಗೂ ಬೆಲೆ ಇಲ್ಲ. 'ಪ್ರಕೃತಿ ಉಳಿಸಿ' ಎಂದಷ್ಟೇ ಬರೆದರೆ ಸಾಲದು. ಬೇಕಾದ್ದನ್ನು ಬಿಡಿಸಿ ಕೇಳಿ. ಹಳ್ಳದ ಎರಡೂ ಬದಿ ಕನಿಷ್ಠ 30 ಮೀಟರ್ ಮರಗಿಡ ಬಿಡಬೇಕು. ಒರತೆ, ಜೌಗು ಮುಟ್ಟಬಾರದು. ಮನೆಗಳನ್ನು ಒಂದು ಮೂಲೆಗೆ ಒತ್ತೊತ್ತಾಗಿ ಕಟ್ಟಿ ಉಳಿದ ನೆಲ ತೆರೆದಿಡಬೇಕು. ತಾರಸಿಯ ನೀರು ಅಲ್ಲೇ ಇಂಗಬೇಕು. ಮಳೆಗಾಲದಲ್ಲಿ ನೆಲ ಅಗೆಯಬಾರದು.

ಜಮೀನು ಮಾರುವವರನ್ನು ಶತ್ರು ಮಾಡಿಕೊಳ್ಳಬೇಡಿ. ಅವರಿಗೂ ಸಾಲ ಇರುತ್ತದೆ, ಮಕ್ಕಳ ಓದು ಇರುತ್ತದೆ. ಕೆಲವು ದೇಶಗಳಲ್ಲಿ ಜಮೀನು ಮಾಲೀಕರ ಹೆಸರಲ್ಲೇ ಉಳಿದು, ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಬಿಟ್ಟುಕೊಡುವ ಕರಾರು ಇದೆ. ಅದಕ್ಕೆ ದುಡ್ಡೂ ಸಿಗಬಹುದು. ನ್ಯೂಯಾರ್ಕ್ ನಗರ ತನಗೆ ನೀರು ಕೊಡುವ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯ ಊರುಗಳ ಜೊತೆ 1997ರಲ್ಲಿ ಒಪ್ಪಂದ ಮಾಡಿಕೊಂಡಿತು. ಕೊಡಲು ಮನಸ್ಸಿದ್ದವರಿಂದ ಮಾತ್ರ ಜಮೀನು ಕೊಂಡಿತು. ಕೆಟ್ಟ ಸೆಪ್ಟಿಕ್ ಟ್ಯಾಂಕ್ ರಿಪೇರಿಗೆ ಹಣ ಕೊಟ್ಟಿತು, ರೈತರಿಗೂ ನೆರವಾಯಿತು. ನೂರಾರು ಕೋಟಿ ಡಾಲರಿನ ಶೋಧಕ ಘಟಕ ಕಟ್ಟುವುದಕ್ಕಿಂತ ಇದು ಅಗ್ಗ ಎಂಬ ಲೆಕ್ಕ ಅದರದ್ದು. ಈ ಲೆಕ್ಕವನ್ನು ನಿಮ್ಮ ಅರ್ಜಿಯಲ್ಲೂ ಬರೆಯಿರಿ.

ಮಳೆ ಬಂದ ದಿನ ಹೊರಡಿ

ಒಪ್ಪಿಗೆ ಸಿಕ್ಕಿ ಕೆಲಸ ಶುರುವಾದರೂ ಕೈಬಿಡಬೇಡಿ. ಜೋರು ಮಳೆ ನಿಂತ ತಕ್ಷಣ ಎರಡು ಗಾಜಿನ ಬಾಟಲಿ ಹಿಡಿದು ಹೋಗಿ. ನೀರು ಉಕ್ಕುತ್ತಿದ್ದರೆ ಇಳಿಯಬೇಡಿ, ದಡದಿಂದಲೇ ಕೋಲಿಗೆ ಕಟ್ಟಿ ತುಂಬಿ. ಒಂದು ಬಾಟಲಿ ಅಗೆತದ ಜಾಗಕ್ಕಿಂತ ಮೇಲಿನ ನೀರು, ಇನ್ನೊಂದು ಕೆಳಗಿನದು. ದಿನ, ಹೊತ್ತು, ಜಾಗ ಬರೆದು ಅಂಟಿಸಿ, ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತಳದಲ್ಲಿ ಕೂತ ಹೂಳಿನ ಫೋಟೊ ತೆಗೆಯಿರಿ. ಅಧಿಕಾರಿಗಳ ಕಚೇರಿಗೆ ಹೋಗುವಾಗ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.